ಮಸ್ಕಿಯಲ್ಲಿ ಹವಾ ಹೋದ ಗಾಡಿ

ಉಗಾದಿಗೆ ಸಿಂಧನೂರಿಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಅಪ್ಪನ ಬೈಕಿಗೆ ಒರಗಿಸಿಟ್ಟ ಪಂಪು. ಹಿಂದಿನ ಗಾಲಿ ದಿನಾ ಬೆಳಗಾಗೋದ್ರೊಳಗೆ ಮೆತ್ತಗಾಗಿರುತ್ತೆ. ಅರವತ್ಮೂರು ವಯಸ್ಸಿನ ಅಪ್ಪ ನಸುಕಿನಲ್ಲಿ ಹವಾ ಹೊಡೆದು, ಹಿಂದೆ ಗೊಬ್ಬರದ ಚೀಲ ಕಟ್ಟಿಕೊಂಡು ಹೊಲಕ್ಕೆ ಹೋಗ್ತಾನೆ. ‘ಎರಡು ಅಂಗಡ್ಯಾಗ ತೋರ್ಸೀನಿ, ಪಂಚರ್ ಇಲ್ಲಂತ’ ಅಂದ.

ಇನ್ನೊಂದು ಸೋರಿಕೆ ಮಾಳಿಗೆ ಮೇಲಿತ್ತು. ಟ್ಯಾಂಕಿನ ಗೇಟ್ ವಾಲ್ವ್ ಹನಿಯುತ್ತಿತ್ತು, ಅವ್ವ ಕೆಳಗೆ ಬಕೆಟ್ ಇಟ್ಟಿದ್ದಳು. ನಮ್ಮ ಓಣಿಗೆ ನಳ ಬರೋದು ನಾಲ್ಕೈದು ದಿನಕ್ಕೊಮ್ಮೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ ಅಂತ ಹೆಸರೇನೋ ಇದೆ, ಆದರೆ ಇಲ್ಲಿ ನೀರಿನ ಹೆದರಿಕೆ ಹೋಗೋದೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ಅಪ್ಪ ವಾರಗಟ್ಟಲೆ ಟಿವಿ ಮುಂದೆಯೇ ಇದ್ದ.

ಮರುದಿನ ಲಿಂಗಸುಗೂರಿನ ಅತ್ತೆ ಮನೆಗೆ ಅದೇ ಬೈಕಿನಲ್ಲಿ ಹೊರಟೆ. ಊರು ದಾಟಿದರೆ ರೈಸ್ ಮಿಲ್ಲು, ಹಸಿರು ಗದ್ದೆ. ಮಸ್ಕಿ ಹತ್ತಿರ ಬಂದಂಗೆ ಕಲ್ಲುಗುಡ್ಡ, ಜೋಳ ಕೊಯ್ದ ಎರಿ ಹೊಲ. ಅಷ್ಟರಲ್ಲಿ ಗಾಡಿಯ ಹಿಂಭಾಗ ಓಲಾಡತೊಡಗಿತು. ನಾನು ಒಬ್ಬನೇ, ಹಿಂದೆ ಭಾರ ಇಲ್ಲ. ಎರಡು ಚೀಲ ಹೇರಿಕೊಂಡು ಅಪ್ಪ ಇದೇ ಗಾಡಿ ಓಡಿಸ್ತಾನಲ್ಲ ಅನ್ನಿಸಿ ಹೊಟ್ಟೆಯೊಳಗೆ ಒಂಥರಾ ಆಯ್ತು.

ಮಸ್ಕಿಯ ಪಂಚರ್ ಅಂಗಡಿಯ ಮುದುಕಪ್ಪ ನೀರಿನ ಬುಟ್ಟಿ ಮುಟ್ಟಲೇ ಇಲ್ಲ. ಕ್ಯಾಪ್ ತೆಗೆದು, ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಒರೆಸಿದ. ಸಣ್ಣ ಗುಳ್ಳೆ ಎದ್ದಿತು. ಒಳಗಿನ ಪಿನ್ನನ್ನು ಚಾವಿಯಿಂದ ಚೂರು ಬಿಗಿ ಮಾಡಿದ, ಗುಳ್ಳೆ ನಿಂತಿತು. ನಾನು ದುಡ್ಡು ತೆಗೆದೆ. ‘ತಡಿ ತಮ್ಮಾ’ ಅಂದವನೇ ವಾಲ್ವಿನ ರಬ್ಬರ್ ಕಾಂಡವನ್ನು ಪಕ್ಕಕ್ಕೆ ಬಗ್ಗಿಸಿ ಬುಡಕ್ಕೆ ಸೋಪಿನ ನೀರು ಬಿಟ್ಟ. ಬುಸ್ ಅಂತ ನೊರೆ! ಬುಡದಲ್ಲಿ ರಬ್ಬರ್ ಸೀಳಿತ್ತು. ‘ನಿಂತಾಗ ಬಾಯಿ ಮುಚ್ಚಿರ್ತೈತಿ, ಗಾಲಿ ತಿರಗಿದ್ರ ತೆರೀತೈತಿ.’

ಗಾಲಿ ಜೋರಾಗಿ ತಿರುಗಿದಾಗ ಕಾಂಡ ಹೊರಕ್ಕೆ ಜಗ್ಗಿ ಸೀಳು ಬಿಚ್ಚಿಕೊಳ್ಳುತ್ತೆ. ಹಿಂದಿನ ಅಂಗಡಿಯವರು ಟೈರಿನಲ್ಲಿ ಮೊಳೆ ಹುಡುಕಿದ್ದರು, ವಾಲ್ವ್ ಬಗ್ಗಿಸಿ ನೋಡಿರಲಿಲ್ಲ. ನಮ್ಮ ಕೆಲಸದಲ್ಲೂ ಮೆಮೊರಿ ಲೀಕ್ ಹೀಗೇ, ಲೋಡ್ ಬಿದ್ದಾಗ ಮಾತ್ರ ಮುಖ ತೋರಿಸುತ್ತೆ. ಪಿನ್ನು ಕೆಟ್ಟರೆ ಎರಡು ನಿಮಿಷದ ಕೆಲಸ. ಬುಡ ಸೀಳಿದ್ದರೆ ಟೈರನ್ನು ರಿಮ್ಮಿನಿಂದ ಬಿಡಿಸಿ ಇಡೀ ವಾಲ್ವ್ ಬದಲಿಸಲೇಬೇಕು, ಅಂಟು ಗಿಂಟು ನಡೆಯಲ್ಲ. ಟ್ಯೂಬ್‌ಲೆಸ್ ಟೈರ್ ಹೊಸದು ಹಾಕಿಸಿದಾಗಲೇ ವಾಲ್ವೂ ಹೊಸದು ಹಾಕಿಸಿಬಿಡಿ.

ಅವನ ಹತ್ತಿರ ಹೊಸ ವಾಲ್ವ್ ಇರಲಿಲ್ಲ. ‘ಛಾವಣಿಯಾಗ ಸಿಗ್ತೈತಿ, ಸಾವಕಾಶ ಹೋಗು’ ಅಂದ. ಲಿಂಗಸುಗೂರಿಗೆ ಹಳಬರು ಇನ್ನೂ ಛಾವಣಿ ಅಂತಾರೆ, ಬ್ರಿಟಿಷರ ದಂಡು ಇದ್ದ ಊರು. ಹೊರಡುವ ಮುಂಚೆ ಗುಡ್ಡದ ಅಶೋಕನ ಶಾಸನ ನೋಡಿಬಂದೆ. 1915ರಲ್ಲಿ ಅದು ಬೆಳಕಿಗೆ ಬಂದಿದ್ದು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಕಣ್ಣಿಂದ. ಬೇರೆ ಕಡೆ ‘ದೇವಾನಾಂಪ್ರಿಯ’ ಅಂತ ಬಿರುದಷ್ಟೇ ಇದ್ದ ರಾಜನ ಹೆಸರು ಅಶೋಕ ಅಂತ ಖಾತ್ರಿಯಾದದ್ದು ಈ ಬಂಡೆಯಿಂದ. ಶಾಲೆಯಲ್ಲಿದ್ದಾಗ ಟ್ರಿಪ್ ಹೋಗಿ ಬರೀ ಮಂಡಕ್ಕಿ ತಿಂದು ಬಂದಿದ್ದೆ.

ನಲವತ್ತರ ಸ್ಪೀಡು ದಾಟದೆ ಛಾವಣಿ ಮುಟ್ಟಿ ವಾಲ್ವ್ ಹಾಕಿಸಿದೆ. ನೂರು ರೂಪಾಯಿಯೂ ಆಗಲಿಲ್ಲ.

ವಾಪಸ್ ಬಂದು ಮಾಳಿಗೆ ಹತ್ತಿದೆ. ಗೇಟ್ ವಾಲ್ವ್ ಒರೆಸಿ ಒಣಗಿಸಿ ನೋಡಿದರೆ ನೀರು ಬರುತ್ತಿದ್ದುದು ಪೈಪಿನ ಜೋಡಣೆಯಿಂದಲ್ಲ, ತಿರುಗಿಸುವ ಚಕ್ರದ ಕೆಳಗಿನ ಕಂಬಿಯ ಸುತ್ತಿನಿಂದ. ಅಲ್ಲಿರುವ ಗ್ಲ್ಯಾಂಡ್ ನಟ್ಟನ್ನು ಪಾನಾ ಹಾಕಿ ಕಾಲು ಸುತ್ತು ಬಿಗಿ ಮಾಡಿದೆ. ಹನಿ ಕಮ್ಮಿಯಾಯಿತು, ನಿಲ್ಲಲಿಲ್ಲ. ಒಳಗಿನ ದಾರ ಸವೆದಿತ್ತು. ನಟ್ಟು ಬಿಚ್ಚಬೇಕಂದ್ರೆ ಟ್ಯಾಂಕು ಖಾಲಿ ಇರಬೇಕು, ಇದ್ದ ನೀರು ಚೆಲ್ಲೋಕೆ ಅವ್ವ ಬಿಡ್ತಾಳಾ? ನಳ ಬರುವ ಹಿಂದಿನ ದಿನದವರೆಗೆ ಕಾದೆ, ಅವತ್ತು ಟ್ಯಾಂಕು ಹೇಗೂ ತಳ ಕಂಡಿರುತ್ತೆ. ಹಳೇ ದಾರ ಕೆರೆದು ತೆಗೆದು, ಹೊಸ ಗ್ರಾಫೈಟ್ ದಾರವನ್ನು ನಟ್ಟು ಬಿಗಿಯಾಗುವ ದಿಕ್ಕಿಗೇ ಮೂರು ಸುತ್ತು ಸುತ್ತಿ ಬಿಗಿ ಮಾಡಿದೆ. ಚಕ್ರ ಸಲೀಸಾಗಿ ತಿರುಗುವಷ್ಟೇ ಬಿಗಿ.

ಮರುದಿನ ಟ್ಯಾಂಕು ತುಂಬಿತು, ಒಂದು ಹನಿಯೂ ಬೀಳಲಿಲ್ಲ. ಅಪ್ಪ ಹೆಬ್ಬೆರಳಿನಿಂದ ಗಾಲಿ ಒತ್ತಿ ನೋಡಿ, ಏನೂ ಅನ್ನದೆ ಚೀಲ ಕಟ್ಟಿಕೊಂಡು ಹೊರಟ. ಅವ್ವ ಮಾತ್ರ ಬಕೆಟ್ ತೆಗೆದಿಲ್ಲ. ‘ಇರ್ಲಿ ಬಿಡು, ಅದೇನು ಊಟ ಕೇಳ್ತೈತಾ?’