ಹುಲ್ಲುಗಾವಲಿನಲ್ಲಿ ಕಲಿತ ಹಾರಾಟ

ಅಮೆರಿಕದ ಓಹಿಯೋ ರಾಜ್ಯದ ಡೇಟನ್ ನಗರದಲ್ಲಿ ನನ್ನ ತಂಗಿಯ ಮಗನಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಹಫ್ಮನ್ ಪ್ರೇರಿ ನೋಡಬೇಕೆಂದೆ. "ಮಾಮಾ, ಅಲ್ಲಿ ಹುಲ್ಲು ಬಿಟ್ಟರೆ ಏನೂ ಇಲ್ಲ" ಎಂದು ನಕ್ಕ. ಅವನ ಮಾತು ಸುಳ್ಳಾಗಲಿಲ್ಲ. ಆ ವಿಶಾಲ ಬಯಲಿನಲ್ಲಿ ಈಗಿರುವುದು ಹುಲ್ಲು, ಗಾಳಿ, ಹಳೆಯದರ ಮಾದರಿಯಲ್ಲಿ ಕಟ್ಟಿದ ಮರದ ಶೆಡ್ಡು ಮತ್ತು ಒಂದು ಮರದ ಗೋಪುರ. ಆದರೆ ಸೈಕಲ್ ಅಂಗಡಿಯ ಇಬ್ಬರು ಸಹೋದರರು ಸ್ವಂತ ಕೈಯಿಂದ ಕಟ್ಟಿದ ವಿಮಾನ ನಿಜವಾಗಿ ಹಾರಲು ಕಲಿತದ್ದು ಇಲ್ಲಿಯೇ.

1903ರ ಡಿಸೆಂಬರ್ 17ರಂದು ಕಿಟ್ಟಿಹಾಕ್ ಸಮೀಪ ರೈಟ್ ಸಹೋದರರು ಹಾರಿದ್ದನ್ನು ನಾವು ಶಿಕ್ಷಕರು ಮಕ್ಕಳಿಗೆ ಕಲಿಸುತ್ತೇವೆ. ಮೊದಲ ಹಾರಾಟ ಬರೀ 12 ಸೆಕೆಂಡಿನದು. ಆ ಬಳಿಕ ಅವರು ಪಟ್ಟ ಪಾಡನ್ನು ಮಾತ್ರ ಹೇಳುವುದಿಲ್ಲ.

1904ರಲ್ಲಿ ಈ ಜಾಗದ ಮಾಲೀಕ ಹಫ್ಮನ್ ಬಾಡಿಗೆ ಕೇಳದೆ ಜಾಗ ಬಿಟ್ಟುಕೊಟ್ಟರು. ಹಾರುವ ಮುನ್ನ ದನಗಳನ್ನು ಆಚೆ ಅಟ್ಟಬೇಕೆಂಬುದಷ್ಟೇ ಅವರ ಷರತ್ತು. ಕಿಟ್ಟಿಹಾಕ್‌ನ ಬಿರುಗಾಳಿ ಇಲ್ಲಿಲ್ಲ, ವಿಮಾನ ಮೇಲೇಳಲಿಲ್ಲ. ಆಗ ಗೋಪುರ ಕಟ್ಟಿ, ಅದರ ಮೇಲಿಂದ ಭಾರವನ್ನು ಬೀಳಿಸಿ, ಹಗ್ಗದ ಸೆಳೆತದಿಂದ ವಿಮಾನವನ್ನು ಹಳಿಯ ಮೇಲೆ ಓಡಿಸಿದರು. ಸೆಪ್ಟೆಂಬರ್ 20ರಂದು ಮೊದಲ ಬಾರಿಗೆ ಪೂರ್ತಿ ಒಂದು ಸುತ್ತು ಹಾಕಿದರು. ಅದನ್ನು ಕಣ್ಣಾರೆ ಕಂಡು ವಿವರವಾಗಿ ಬರೆದದ್ದು ದೊಡ್ಡ ದಿನಪತ್ರಿಕೆಯಲ್ಲ, ಜೇನು ಸಾಕಣೆಯ ಪತ್ರಿಕೆಯೊಂದರ ಸಂಪಾದಕ!

1905ರ ಜುಲೈಯಲ್ಲಿ ಆರ್ವಿಲ್ ನೆಲಕ್ಕಪ್ಪಳಿಸಿದರು. ಮನೆಗೆ ಹೋಗಿ ಕೂರಲಿಲ್ಲ. ವಿಮಾನವನ್ನು ಏರಿಸಿ ಇಳಿಸುವ ಮುಂಭಾಗದ ಪಟಲವನ್ನು ದೊಡ್ಡದು ಮಾಡಿ ಇನ್ನಷ್ಟು ಮುಂದಕ್ಕೆ ಜೋಡಿಸಿದರು. ಅಕ್ಟೋಬರ್ 5ರಂದು ವಿಲ್ಬರ್ 39 ನಿಮಿಷ ಸುತ್ತುತ್ತಲೇ ಇದ್ದರು. ಕ್ರಮಿಸಿದ್ದು ಸುಮಾರು 39 ಕಿ.ಮೀ. ಇಳಿದದ್ದು ಇಂಧನ ಮುಗಿದದ್ದರಿಂದ.

ಈ ಸಾಹಸದ ಬೆಲೆಯನ್ನು ಮನೆಯವರೆಲ್ಲ ತೆತ್ತರು. 1908ರಲ್ಲಿ ಫೋರ್ಟ್ ಮೈಯರ್‌ನಲ್ಲಿ ಆರ್ವಿಲ್ ನಡೆಸುತ್ತಿದ್ದ ವಿಮಾನ ಬಿದ್ದು ಜೊತೆಗಿದ್ದ ಸೇನಾಧಿಕಾರಿ ಸತ್ತರು. ಶಿಕ್ಷಕಿಯಾಗಿದ್ದ ತಂಗಿ ಕ್ಯಾಥರಿನ್ ಶಾಲೆಗೆ ರಜೆ ಹಾಕಿ ವಾರಗಟ್ಟಲೆ ಅಣ್ಣನ ಶುಶ್ರೂಷೆ ಮಾಡಿದರು. ಮತ್ತೆ ಆ ಕೆಲಸಕ್ಕೆ ಮರಳಲೇ ಇಲ್ಲ. ಇಬ್ಬರು ಮಕ್ಕಳನ್ನೂ ಒಮ್ಮೆಗೇ ಕಳೆದುಕೊಳ್ಳಬಾರದೆಂದು ತಂದೆ ಮಿಲ್ಟನ್ ಅವರಿಬ್ಬರೂ ಒಟ್ಟಿಗೆ ಹಾರಕೂಡದೆಂದು ಮಾತು ಪಡೆದಿದ್ದರು.

1910ರ ಮೇ 25ರಂದು ಇದೇ ಬಯಲಲ್ಲಿ ತಂದೆ ಆ ಕಟ್ಟನ್ನು ಒಂದು ಬಾರಿಗೆ ಸಡಿಲಿಸಿದರು. ಸಹೋದರರು ಜೊತೆಯಾಗಿ ಹಾರಿದರು. ನಂತರ 81 ವರ್ಷದ ಆ ತಂದೆಯೇ ಆರ್ವಿಲ್ ಪಕ್ಕದಲ್ಲಿ ಕುಳಿತರು. ಸುಮಾರು ಏಳು ನಿಮಿಷದ ಹಾರಾಟ. ಭಯಪಡುವ ಬದಲು, ಇನ್ನೂ ಮೇಲೆ ಒಯ್ಯುವಂತೆ ಮಗನಿಗೆ ಹೇಳಿದರಂತೆ.

ಇದನ್ನು ಹೇಳಿ ಮುಗಿಸಿದಾಗ ನನ್ನ ಸೋದರಳಿಯ ಸುಮ್ಮನಾಗಿದ್ದ. ಅವನನ್ನು ಓದಿಸಲು ಬೆವರು ಸುರಿಸಿದ ತಂದೆ ಇದುವರೆಗೆ ವಿಮಾನ ಹತ್ತಿಲ್ಲ. ಕಾರಿನ ಬಳಿ ಬಂದಾಗ ಮೆಲ್ಲನೆ ಅಂದ: "ಮಾಮಾ, ಅಬ್ಬಾರ ಪಾಸ್‌ಪೋರ್ಟ್ ಮಾಡಿಸಲು ಎಷ್ಟು ದಿನ ಬೇಕು?"