ನೆಲದ ಚಿತ್ರದಲ್ಲಿ ಯಾರ ಕೈ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕುಗಳ ಕೇರಿಗಳಿಂದ ಇಸ್ಕೂಲಿಗೆ ಹೋದ ನಾವೆಲ್ಲ ಬರೆದದ್ದು ಒಂದೇ ಚಿತ್ರ. ಎರಡು ಬೆಟ್ಟ, ನಡುವೆ ಹುಟ್ಟೋ ಸೂರ್ಯ, ಕೆಳಗೆ ಹರಿಯೋ ಹೊಳೆ, ದಡದಲ್ಲಿ ತೆಂಗಿನ ಮರ, ಒಂದು ಹೆಂಚಿನ ಮನೆ. ಬೆಟ್ಟಕ್ಕೇನೂ ನಮ್ಮಲ್ಲಿ ಬರ ಇರಲಿಲ್ಲ. ಮಧುಗಿರಿಯದು ಒಂದೇ ಬಂಡೆಯ ಬೆಟ್ಟ, ಕೊರಟಗೆರೆಗೆ ಸಿದ್ಧರಬೆಟ್ಟ, ಪಾವಗಡದ ಬೆಟ್ಟದ ಮೇಲೆ ಕೋಟೆ. ಆದರೆ ಪಾವಗಡದ ಹುಡುಗ ವರ್ಷವಿಡೀ ಹರಿಯೋ ಹೊಳೆಯನ್ನ ಎಲ್ಲಿ ಕಂಡಿದ್ದ? ಅವನು ಕಂಡಿದ್ದು ಕಡ್ಲೆಕಾಯಿ ಹೊಲ, ಜಾಲಿ ಗಿಡ, ಫ್ಲೋರೈಡ್ ನೀರು ಕುಡಿದು ಕಂದಿದ ಹಲ್ಲು. ಅವು ಚಿತ್ರಕ್ಕೆ ಬರಲಿಲ್ಲ. ನಮ್ಮ ಕೇರಿಯೂ ಬರಲಿಲ್ಲ. ಬರೀಬೇಡಿ ಅಂತ ಯಾರೂ ಹೇಳಿರಲಿಲ್ಲ. ಚಂದದ ಕಡೆ ನಮಗೆ ಜಾಗ ಇಲ್ಲ ಅನ್ನೋದನ್ನ ಊರು ಮೊದಲೇ ಕಲಿಸಿಬಿಟ್ಟಿತ್ತು.

ನಮ್ಮ ಚಿತ್ರಶಾಲೆ ಮನೆಯಲ್ಲೇ ಇತ್ತು. ನಮಗೆ ಗೊತ್ತಿರಲಿಲ್ಲ ಅಷ್ಟೆ. ಹಬ್ಬ ಬಂದರೆ ಅವ್ವಂದಿರು ಕೆಮ್ಮಣ್ಣು ಹೊತ್ತು ತರೋರು, ಸಗಣಿ ಕಲಸೋರು, ಗೋಡೆ ಬಳಿದು ಸುಣ್ಣದ ಪಟ್ಟೆ ಎಳೆಯೋರು. ಅಪ್ಪಂದಿರು ಚರ್ಮ ಹದ ಮಾಡಿ ತಮಟೆಗೆ ಬಿಗಿಯೋರು. ಮಣ್ಣು, ಸಗಣಿ, ಸುಣ್ಣ, ಚರ್ಮ, ಬೂದಿ. ಇವನ್ನು ಮುಟ್ಟುವ ಕೈಯನ್ನೇ ಊರು ಮುಟ್ಟದೆ ದೂರ ಇಟ್ಟಿತು.

ಈಗ ಪಟ್ಟಣದ ಗ್ಯಾಲರಿಗಳಲ್ಲಿ ಭೂದೃಶ್ಯ ಬರೆಯೋರು ಬಣ್ಣದ ಜೊತೆಗೆ ಅದೇ ಮಣ್ಣು, ಅದೇ ಬೂದಿ, ನಾರು, ತಗಡು ಅಂಟಿಸುತ್ತಾರೆ. ಇದಕ್ಕೆ ಮಿಶ್ರಮಾಧ್ಯಮ ಅಂತ ಹೆಸರು. ಮೊದಲು ಕೇಳಿದಾಗ ನಮಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಅವ್ವ ಬಳಿದರೆ ಗೋಡೆ, ಕ್ಯಾನ್ವಾಸಿಗೆ ಹತ್ತಿದರೆ ಕಲೆ!

ಸಿಟ್ಟಿನಲ್ಲೇ ನಿಂತುಬಿಟ್ಟರೆ ನಮಗೇ ನಷ್ಟ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 1990ರ ದಶಕದಲ್ಲೇ ಸಗಣಿಯನ್ನು ಕಲೆಗೆ ತಂದವರು. ಅವರ ‘ಡಾರ್ಕ್‌ರೂಮ್’ (2006) ಡಾಂಬರಿನ ಡ್ರಮ್ಮುಗಳಿಂದ, ಡ್ರಮ್ಮು ಬಿಡಿಸಿದ ತಗಡಿನಿಂದ ಕಟ್ಟಿದ ಗೂಡು. ಒಳಗೆ ಕತ್ತಲು. ಮೇಲೆ ತಗಡಿಗೆ ಹೊಡೆದ ತೂತುಗಳಲ್ಲಿ ಬೆಳಕು ನಕ್ಷತ್ರದ ಹಾಗೆ ಇಣುಕುತ್ತದೆ. ಶಿರಾ ಹೆದ್ದಾರಿಯ ಕೆಲಸಕ್ಕೆ ಹೋದ ನಮ್ಮೋರು ಇಂಥ ತಗಡಿನ ಮರೆಯಲ್ಲೇ ಮಲಗಿ ಎದ್ದವರು. ಆ ನಕ್ಷತ್ರ ನಮಗೆ ಹೊಸದಲ್ಲ. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಅವರು ‘ಕೊಲ್ಯಾಟರಲ್’ ಇಟ್ಟರು. ಜಾಲರಿಯ ಮೇಲೆ ಊದುಬತ್ತಿಯ ಹಿಟ್ಟನ್ನು ಹರಡಿ ಸುಟ್ಟದ್ದು, ಉಳಿದದ್ದು ಬೂದಿ. ಅದು ಆಕಾಶದಿಂದ ಕಂಡ ನೆಲದ ಹಾಗೆ, ಸುಟ್ಟುಹೋದ ಊರಿನ ಹಾಗೆ ಇದೆ. ಸಾವಿರ ಕಡ್ಡಿಗಿಷ್ಟು ಅಂತ ಊದುಬತ್ತಿ ಹೊಸೆದು ಅಂಗೈ ಕಪ್ಪಾದ ಹೆಂಗಸರನ್ನ ಬಲ್ಲ ನಮಗೆ ಆ ಬೂದಿ ಬರೀ ಬೂದಿಯಲ್ಲ. ವಸ್ತು ಬಂದರೆ ಅದರ ಹಿಂದೆ ಕೈಯೂ ಬರುತ್ತದೆ. ಆ ಕೈ ಕಾಣಿಸದ ಹಾಗೆ ಬಳಿದುಬಿಟ್ಟರೆ ಮಿಶ್ರಮಾಧ್ಯಮವೂ ಆ ಇಸ್ಕೂಲಿನ ಹೊಳೆಯಷ್ಟೇ ಸುಳ್ಳು.

ಗೆಳೆಯರೇ, ಇದು ಗ್ಯಾಲರಿಗೆ ಮಾತ್ರ ಸೇರಿದ ಮಾತಲ್ಲ. ಪಾವಗಡದ ತಿರುಮಣಿ ಕಡೆ ಹೋಗಿ ನೋಡಿ. 2018ರಲ್ಲಿ ಉದ್ಘಾಟನೆಯಾದ ಸೋಲಾರ್ ಪಾರ್ಕು ಐದು ಊರುಗಳ ಸುಮಾರು 13,000 ಎಕರೆ ಮೇಲೆ ಹಾಸಿಕೊಂಡಿದೆ. 2,050 ಮೆಗಾವಾಟ್ ಕರೆಂಟು. ಕಣ್ಣು ಹಾಯಿಸಿದಷ್ಟು ದೂರ ಕರೀ ಗಾಜು, ಉಕ್ಕು, ನಡುನಡುವೆ ಕೆಮ್ಮಣ್ಣು, ಹಿಂದೆ ಬೋಳು ಬೆಟ್ಟ. ಇದಕ್ಕಿಂತ ದೊಡ್ಡ ಮಿಶ್ರಮಾಧ್ಯಮದ ಭೂದೃಶ್ಯ ನಮ್ಮ ಸೀಮೆಯಲ್ಲಿ ಯಾವುದೈತೆ? ಹೊಲ ಇದ್ದೋರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯ್ತು. ಬರದಲ್ಲಿ ಬೆಂದ ರೈತನಿಗೆ ಅದು ಬೇಕಾಗಿತ್ತು, ನಾವು ಅಲ್ಲಗಳೆಯೋದಿಲ್ಲ. ಆದರೆ ಅದೇ ಹೊಲದಲ್ಲಿ ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿ ಬದುಕಿದ, ಗೇಣು ಭೂಮಿಯಿಲ್ಲದ ನಮ್ಮೋರಿಗೆ? ಪಹಣಿಯಲ್ಲಿ ಹೆಸರಿಲ್ಲ, ಗುತ್ತಿಗೆಯಿಲ್ಲ. ಕೆಲವರಿಗೆ ಹುಲ್ಲು ಕೊಯ್ಯೋ, ಗಾಜು ಒರೆಸೋ ಕೂಲಿ ಸಿಕ್ಕಿತು. ಉಳಿದೋರು ಬೆಂಗಳೂರು ಬಸ್ಸು ಹತ್ತಿದರು. ಇಸ್ಕೂಲಿನ ಚಿತ್ರ ಬಿಟ್ಟಿದ್ದು ಯಾರನ್ನ, ಪಹಣಿ ಬಿಟ್ಟಿದ್ದು ಯಾರನ್ನ? ಇಬ್ಬರೂ ಒಂದೇ ಜನ.

ಅದಕ್ಕೇ ಭೂದೃಶ್ಯ ಅಂದರೆ ಬರೀ ನೋಟ ಅನ್ನೋ ಮಾತನ್ನ ನಾವು ಒಪ್ಪೋದಿಲ್ಲ. ನೆಲ ನೋಡೋರಿಗೆ ನೋಟ. ಗೇಯೋರಿಗೆ ಅದು ಬೆನ್ನುನೋವು, ಕೂಲಿ, ಅನ್ನ. ನಮ್ಮ ಮಣ್ಣನ್ನು ಕ್ಯಾನ್ವಾಸಿಗೆ ಒಯ್ಯಬೇಡಿ ಅಂತಲೂ ನಾವು ಹೇಳೋದಿಲ್ಲ. ಒಯ್ಯಿರಿ. ಆದರೆ ಅಗೆದೋರು ಯಾರು, ಹೊತ್ತೋರು ಯಾರು ಅನ್ನೋದನ್ನೂ ಒಯ್ಯಿರಿ.

ನಮ್ಮ ಕೇರಿಯ ಮಕ್ಕಳು ಇವತ್ತೂ ಬೆಟ್ಟ ಬರೀತಾರೆ, ಸೂರ್ಯನನ್ನೂ ಬರೀತಾರೆ. ಬರೀಲಿ. ಈಗ ಆ ಸೂರ್ಯನಿಗೂ ಬಾಡಿಗೆ ಐತೆ. ಬಾಡಿಗೆ ಬಾರದ ಮನೆಯ ಒಲೆಯಿಂದ ಒಂದು ಹಿಡಿ ಬೂದಿ ತಂದು ಆ ಬೆಟ್ಟದ ಬುಡಕ್ಕೆ ಅಂಟಿಸು ಮಗ, ಅಂತ ನಾವು ಹೇಳಿಕೊಡಬೇಕು. ನಮ್ಮ ಕೇರಿ ಇರೋದು ಅಲ್ಲೇ.