ನಿವೃತ್ತಿಯಾಗದ ಬೆಟ್ಟ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಟಲಿಯ ವೆಸೂವಿಯಸ್‌ಗೆ ಚೆನ್ನಾಗಿ ಒಪ್ಪುತ್ತದೆ. ನೇಪಲ್ಸ್ ನಗರದ ಕಡಲ ದಂಡೆಯಿಂದ ಅದು ಬರಿಯ ನೀಲಿ ದಿಬ್ಬ. ಹತ್ತಿರ ಹೋದರೆ ಕಾಲ ಕೆಳಗೆ ಜಾರುವ ಬೂದಿ, ಸುಟ್ಟ ಕಲ್ಲಿನ ಹರಳು.

ನೌಕರಿಯಿಂದ ನಿವೃತ್ತರಾಗಿ ಪ್ರವಾಸ ಹೊರಟ ಹಿರಿಯರಿಗೂ ಇದು ಒಂದು ದಿನದಲ್ಲಿ ಹತ್ತಿ ಇಳಿಯಬಹುದಾದ ಜ್ವಾಲಾಮುಖಿ. ನೇಪಲ್ಸ್‌ನಿಂದ ಎರ್ಕೊಲಾನೊವರೆಗೆ ರೈಲು. ಅಲ್ಲಿಂದ ಸುಮಾರು 1000 ಮೀಟರ್ ಎತ್ತರದವರೆಗೆ ಬಸ್ಸು. ಟಿಕೆಟ್ ಮೊದಲೇ ಕಾದಿರಿಸಿರಬೇಕು. ಅಲ್ಲಿಂದ ಮುಂದೆ ಕಾಲೇ ಗತಿ. ನಿಧಾನವಾಗಿ ನಡೆದರೂ ಒಂದು ಗಂಟೆಯೊಳಗೆ ಬಾಯಂಚು ಸಿಗುತ್ತದೆ. ಹತ್ತುವಾಗ ಉಸಿರಿಗೆ ಪರೀಕ್ಷೆ, ಇಳಿಯುವಾಗ ಮೊಣಕಾಲಿಗೆ. ಕೈಯಲ್ಲೊಂದು ಕೋಲಿದ್ದರೆ ಧೈರ್ಯ.

ಬೇಲಿಗೆ ಒರಗಿ ಇಣುಕಿದರೆ ಎದುರಿಗೆ ಸುಮಾರು 450 ಮೀಟರ್ ಅಗಲ, 300 ಮೀಟರ್ ಆಳದ ಕುಳಿ. ಬೆಂಕಿಯಿಲ್ಲ, ಕೆಂಪು ಲಾವಾ ಇಲ್ಲ. ಬಂಡೆಯ ಸಂದುಗಳಿಂದ ಅಲ್ಲಲ್ಲಿ ತೆಳ್ಳಗೆ ಹಬೆ. ಕೊನೆಯ ಬಾರಿ ಉಕ್ಕಿದ್ದು 1944ರಲ್ಲಿ. 'ಇಷ್ಟೇನಾ?' ಎನಿಸುವುದು ಸಹಜ.

ಹಿಂದೆಯೂ ಜನರಿಗೆ ಹೀಗೆಯೇ ಎನಿಸಿತ್ತು. ಕ್ರಿ.ಶ. 79ರಲ್ಲಿ ಕೆಲವು ದಿನ ನೆಲ ನಡುಗಿತು. ಆ ಸೀಮೆಯಲ್ಲಿ ಅದು ಮಾಮೂಲೆಂದು ಯಾರೂ ಅಷ್ಟಾಗಿ ಹೆದರಲಿಲ್ಲ. ಆಮೇಲೆ ಬೆಟ್ಟ ಸಿಡಿದು ಪಾಂಪೇ, ಹರ್ಕ್ಯುಲೇನಿಯಂ ಪಟ್ಟಣಗಳನ್ನು ಹೂತುಹಾಕಿತು. ಕೊಲ್ಲಿಯ ಇನ್ನೊಂದು ಬದಿಯ ಮೈಸೀನಂನಲ್ಲಿ ಪ್ಲಿನಿ ಎಂಬ ಹದಿನೇಳರ ಹುಡುಗನಿದ್ದ. ಅವನ ಸೋದರಮಾವನ ಹೆಸರೂ ಪ್ಲಿನಿಯೇ. ನೌಕಾಪಡೆಯ ಮುಖ್ಯಸ್ಥ, ದೊಡ್ಡ ವಿದ್ವಾಂಸ, ವಯಸ್ಸು ಐವತ್ತೈದು. ಬೆಟ್ಟದ ಮೇಲೆ ಮರದಂತೆ ಎದ್ದ ಮೋಡವನ್ನು ಹತ್ತಿರದಿಂದ ನೋಡಲು ಹೊರಟ ಮಾವ, ಅಳಿಯನನ್ನೂ ಕರೆದ. ಓದು ಬರಹ ಬಾಕಿಯಿದೆಯೆಂದು ಹುಡುಗ ಮನೆಯಲ್ಲೇ ಉಳಿದ. ಅಷ್ಟರಲ್ಲಿ ಆಪತ್ತಿನ ಸುದ್ದಿ ಬಂತು. ಕುತೂಹಲದ ಪಯಣ ಜನರನ್ನು ಕಾಪಾಡುವ ಪಯಣವಾಯಿತು. ಮಾವ ಮರಳಿ ಬರಲಿಲ್ಲ. ಹುಡುಗ ದೊಡ್ಡವನಾದ ಮೇಲೆ ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದ ಎರಡು ಪತ್ರಗಳಿಂದಲೇ ಆ ಸ್ಫೋಟದ ಕಣ್ಣಾರೆ ಕಂಡ ವಿವರ ಜಗತ್ತಿಗೆ ಉಳಿದಿದೆ. ಅಂಥ ಸ್ಫೋಟಗಳನ್ನು ವಿಜ್ಞಾನಿಗಳು ಇಂದಿಗೂ 'ಪ್ಲಿನಿಯನ್' ಎಂದೇ ಕರೆಯುತ್ತಾರೆ.

ಈಗ ನೆಲದ ಸಣ್ಣ ನಡುಕವನ್ನೂ ಯಾರೂ ಮಾಮೂಲೆಂದು ಬಿಡುವುದಿಲ್ಲ. 1841ರಲ್ಲಿ ಆರಂಭವಾದ ವೆಸೂವಿಯಸ್ ವೀಕ್ಷಣಾಲಯ ಜಗತ್ತಿನ ಮೊದಲ ಜ್ವಾಲಾಮುಖಿ ವೀಕ್ಷಣಾಲಯ. ಕಂಪನ, ನೆಲದ ಉಬ್ಬು, ಹೊರಬರುವ ಅನಿಲ ಎಲ್ಲದರ ಮೇಲೂ ಹಗಲಿರುಳು ಕಣ್ಣಿಡಲಾಗುತ್ತದೆ. ಏಕೆಂದರೆ ಅಪಾಯದ 'ಕೆಂಪು ವಲಯ'ದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರ ವಾಸ. ಅಪಾಯ ಖಚಿತವಾದರೆ ಅವರನ್ನೆಲ್ಲ 72 ಗಂಟೆಗಳಲ್ಲಿ ಸಾಗಿಸುವ ಯೋಜನೆಯಿದೆ. ಆದರೂ ಅವರು ಜಾಗ ಬಿಟ್ಟಿಲ್ಲ. ಊರು, ಮನೆ ಇಲ್ಲಿದೆ. ಬೂದಿ ಬೆರೆತ ಮಣ್ಣಿನಲ್ಲಿ ದ್ರಾಕ್ಷಿ, ಟೊಮೇಟೊ ಸೊಗಸಾಗಿ ಬೆಳೆಯುತ್ತವೆ.

ಸಂಜೆ ಹಿರಿಯರು ಮೊಣಕಾಲು ನೀವಿಕೊಳ್ಳುತ್ತಾ ಬಸ್ಸಿನಲ್ಲಿ ಇಳಿಯುವಾಗ ದ್ರಾಕ್ಷಿ ತೋಟ ದಾಟಿ ಮನೆಗಳ ಸಾಲು ಬರುತ್ತದೆ. ಬಾಲ್ಕನಿಗಳಲ್ಲಿ ಒಣಗಿದ ಬಟ್ಟೆ ತೆಗೆಯುವ ಹೊತ್ತು. ಹಿಂದೆ ಬೆಟ್ಟ ಮತ್ತೆ ನೀಲಿಯಾಗುತ್ತದೆ, ನುಣ್ಣಗಾಗುತ್ತದೆ. ಹತ್ತಿ ಬಂದವರಿಗೆ ಮಾತ್ರ ಗೊತ್ತು, ಅದು ತಣ್ಣಗಿದೆ, ಆರಿಲ್ಲ.